ಸಾಧು ಎಂದಿದ್ದ ಆಸಿಡ್

ಹೋದ ತಿಂಗಳು ಒಂದು ನಿಶ್ಚಿತಾರ್ಥಕ್ಕೆಂದು ತಿ. ನರಸೀಪುರಕ್ಕೆ ಹೋಗಿದ್ದೆ. ಸಂಜೆ ನಂಜನಗೂಡಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಗೋಬಿ ಗಾಡಿಯವರು ಕಾದ ಬಾಣಲೆಗೆ ವಿನೆಗರ್ ಚಿಮುಕಿಸಿದರು. ಚುರ್ ಎಂದು ಹಬೆ ಎದ್ದು ಹುಳಿ ವಾಸನೆ ನೇರ ಮೂಗಿಗೆ ಹತ್ತಿತು. ಸುತ್ತ ನಿಂತವರಿಗೆ ಬಾಯಲ್ಲಿ ನೀರೂರಿರಬೇಕು. ನನಗೆ ಮಾತ್ರ ಆ ವಾಸನೆ ಬಂದಾಗ ತಿಂಡಿ ನೆನಪಾಗುವುದಿಲ್ಲ. ಒಂದು ಡಿಸೆಂಬರಿನ ಬೆಳಗು, ಹೆಂಚಿನ ಮಾಡಿನ ಲ್ಯಾಬು, ಹದಿನಾರು ವರ್ಷದ ಹುಡುಗಿಯೊಬ್ಬಳ ಬಿಳಿಚಿಕೊಂಡ ಅಂಗೈ ನೆನಪಾಗುತ್ತವೆ. ಬಸ್ಸು ಬಂದು, ಸೀಟು ಸಿಕ್ಕಿ, ಊರು ದಾಟಿದ ಮೇಲೂ ನಾನು ಆ ವರ್ಷದಲ್ಲೇ ಕೂತಿದ್ದೆ.

ಅದು ನನ್ನ ಕೆಲಸದ ಮೊದಲ ವರ್ಷ. ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ, ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ ಎರಡು ವರ್ಷ ಟ್ಯೂಷನ್ ಹೇಳಿಕೊಂಡು ಕಾದ ಮೇಲೆ, ನರಸೀಪುರದ ಒಂದು ಪದವಿಪೂರ್ವ ಕಾಲೇಜಿಗೆ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಆದೇಶ ಬಂದಿತ್ತು. ಬೆಳಿಗ್ಗೆ ಏಳೂಕಾಲರ ಬಸ್ಸು. ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂದಿನ ಪಾಠವನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಹೋಗುತ್ತಿದ್ದೆ. ಆ ಜುಲೈನಲ್ಲಿ ಕಬಿನಿ ಅಣೆಕಟ್ಟೆಯ ಗೇಟು ತೆಗೆದರು. ನಮ್ಮೂರಿನ ಸೇತುವೆಯ ಕೆಳಗೆ ಬೆಳಿಗ್ಗೆ ಕಂಡ ಕೆಂಪು ನೀರು, ಮಧ್ಯಾಹ್ನದ ಹೊತ್ತಿಗೆ ನರಸೀಪುರ ಮುಟ್ಟಿ ಕಾವೇರಿಗೆ ಸೇರುತ್ತದೆ ಎಂದು ಲೆಕ್ಕ ಹಾಕಿ ಖುಷಿಪಡುತ್ತಿದ್ದೆ. ನೀರೂ ನಾನೂ ಒಂದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹಾಗಿತ್ತು.

ಲ್ಯಾಬು ಕಾಲೇಜಿನ ಹಳೆಯ ಕಟ್ಟಡದ ಕೊನೆಯಲ್ಲಿತ್ತು. ಆರು ಸಿಂಕುಗಳಲ್ಲಿ ಎರಡಕ್ಕೆ ಮಾತ್ರ ನಲ್ಲಿಯಲ್ಲಿ ನೀರು ಬರುತ್ತಿತ್ತು, ಅದೂ ಬೆಳಗಿನ ಹೊತ್ತು. ಮಳೆ ಜೋರಾದರೆ ಮೂರನೇ ಮೇಜಿನ ಮೇಲೆ ಹನಿ ಬೀಳುತ್ತಿತ್ತು. ಅಲ್ಲಿಗೆ ಪುಟ್ಟಸ್ವಾಮಣ್ಣ ಒಂದು ಪಿಂಗಾಣಿ ಬಟ್ಟಲು ಇಟ್ಟಿದ್ದರು.

ಪುಟ್ಟಸ್ವಾಮಣ್ಣ ಲ್ಯಾಬಿನ ಅಟೆಂಡರ್. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಈ ಕೆಲಸಕ್ಕೆ ಸೇರಿದವರು, ಮೂವತ್ತು ವರ್ಷ ಅಲ್ಲೇ ಕಳೆದಿದ್ದರು. ಅವರ ಬಲಗೈಯ ಎರಡು ಬೆರಳು ನೈಟ್ರಿಕ್ ಆಸಿಡ್ ತಾಗಿ ತಾಗಿ ಸದಾ ಅರಿಶಿನ ಹಚ್ಚಿದಂತೆ ಕಾಣುತ್ತಿದ್ದವು. ಬಾಟಲಿಯ ಚೀಟಿ ಅಳಿಸಿಹೋಗಿದ್ದರೂ ಮುಚ್ಚಳ ಸಡಿಲಿಸಿ, ಕೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡು, ಇದು ಇಂಥದ್ದು ಎಂದು ಹೇಳುತ್ತಿದ್ದರು. ಮುಂದಿನ ಮಾರ್ಚ್ ಕೊನೆಗೆ ಅವರ ನಿವೃತ್ತಿ.

ನಮ್ಮ ಪ್ರಥಮ ಪಿಯು ವಿಜ್ಞಾನದಲ್ಲಿ ನಲವತ್ತು ಮಕ್ಕಳು. ಮುಕ್ಕಾಲುಪಾಲು ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವರು. ಇಲ್ಲಿ ಪುಸ್ತಕ ಪೂರ್ತಿ ಇಂಗ್ಲಿಷು. ಮೊದಲ ತಿಂಗಳು ಅವರು ನನ್ನ ಮುಖ ನೋಡುವುದು, ನಾನು ಅವರ ಮುಖ ನೋಡುವುದು, ಅಷ್ಟೇ ನಡೆದಿತ್ತು. ಆಮೇಲೆ ಪಾಠವನ್ನು ಕನ್ನಡಕ್ಕೆ ತಂದು, ಕಥೆಯ ಹಾಗೆ ಹೇಳುವ ದಾರಿ ಹಿಡಿದೆ. ಮಕ್ಕಳ ಮುಖ ಅರಳತೊಡಗಿತು. ಆ ಅರಳಿದ ಮುಖಗಳ ರುಚಿ ಹತ್ತಿಬಿಟ್ಟರೆ ಮೇಷ್ಟ್ರಾದವರಿಗೆ ಅಪಾಯ ಎಂದು ನನಗಾಗ ಗೊತ್ತಿರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಸ್ಟ್ರಾಂಗ್ ಆಸಿಡ್, ವೀಕ್ ಆಸಿಡ್ ಪಾಠ. ಪುಸ್ತಕದಲ್ಲಿದ್ದದ್ದು ಸರಳವೇ. ನೀರಿಗೆ ಬಿದ್ದಾಗ ತನ್ನ ಹೈಡ್ರೋಜನ್ ಅಯಾನುಗಳನ್ನು ಪೂರ್ತಿ ಬಿಟ್ಟುಕೊಡುವುದು ಪ್ರಬಲ ಆಮ್ಲ. ಸ್ವಲ್ಪ ಮಾತ್ರ ಬಿಟ್ಟು, ಹೆಚ್ಚಿನ ಪಾಲನ್ನು ತನ್ನಲ್ಲೇ ಹಿಡಿದುಕೊಳ್ಳುವುದು ದುರ್ಬಲ ಆಮ್ಲ. ಹಿಂದಿನ ಬೆಂಚುಗಳಲ್ಲಿ ಆಕಳಿಕೆ ಶುರುವಾಗಿತ್ತು. ನಾನು ಸೀಮೆಸುಣ್ಣ ಕೆಳಗಿಟ್ಟು ಹೇಳಿದೆ: "ನೋಡಿ, ಹೈಡ್ರೋಕ್ಲೋರಿಕ್ ಆಸಿಡ್ ರೌಡಿ. ಮೈಮೇಲೆ ಬಿದ್ದರೆ ಸುಮ್ಮನೆ ಬಿಡಲ್ಲ. ಅಸಿಟಿಕ್ ಆಸಿಡ್ ಸಾಧು. ಅದನ್ನ ನೀವೇ ಗೋಬಿ ಜೊತೆ ತಿಂತೀರ. ವೀಕ್ ಆಸಿಡ್‌ಗೆ ಹೆದರೋದೇನೂ ಇಲ್ಲ."

ಇಡೀ ಕ್ಲಾಸು ನಕ್ಕಿತು. ಎಲ್ಲರೂ ಬರೆದುಕೊಂಡರು. ಎರಡನೇ ಬೆಂಚಿನ ಸಿಂಚನಾ ಎಂಬ ಹುಡುಗಿ ಕೆಂಪು ಇಂಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದದ್ದನ್ನು ಕಂಡೆ. ಸಿಂಚನಾ ಮೂಗೂರಿನವಳು. ಬೆಳಿಗ್ಗೆ ಮನೆಯ ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹಿಡಿದು ಬರುತ್ತಿದ್ದಳು. ನಾನು ಹೇಳಿದ ಒಂದು ಮಾತನ್ನೂ ಬಿಡದೆ ಬರೆಯುವವಳು. ನಾನು ಹೇಳಿದ್ದು ನಿಜವೇ ಇರಬೇಕು ಎಂದು ನಂಬುವವಳು.

ಅಂದು ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದ ಪುಟ್ಟಸ್ವಾಮಣ್ಣ ಪಾಠ ಮುಗಿದ ಮೇಲೆ ಹತ್ತಿರ ಬಂದರು.

"ಮೇಡಂ, ತಪ್ಪು ತಿಳ್ಕೋಬ್ಯಾಡಿ. ಮಕ್ಳ ಮುಂದೆ ಯಾವ ಆಸಿಡ್ನೂ ಸಾಧು ಅನ್ಬ್ಯಾಡಿ."

"ಪುಸ್ತಕದಲ್ಲೇ ಇದೆ ಪುಟ್ಟಸ್ವಾಮಣ್ಣ. ವೀಕ್ ಆಸಿಡ್ ಅಂತಲೇ ಬರೆದಿದ್ದಾರೆ."

"ಪುಸ್ತಕದೋರು ಬಾಟ್ಲಿ ತೊಳ್ದಿರಾಕಿಲ್ಲ ಬುಡಿ," ಎಂದು ಹೇಳಿ ಪೊರಕೆ ತೆಗೆದುಕೊಂಡು ಹೋದರು.

ನಾನು ನಕ್ಕುಬಿಟ್ಟೆ. ಎಂಎಸ್ಸಿ ಓದಿದವಳು ನಾನು. ಅವರು ಗಣಿತದಲ್ಲಿ ಡುಮ್ಕಿ ಹೊಡೆದವರು.

ಆ ವರ್ಷದ ಡಿಸೆಂಬರ್ ಚಳಿ ಎಂದಿನಂತಿರಲಿಲ್ಲ. ಹೊಳೆಯಿಂದ ಎದ್ದ ಮಂಜು ಒಂಬತ್ತು ಗಂಟೆಯಾದರೂ ಕಾಲೇಜಿನ ಅಂಗಳ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಎಲ್ಲರ ತಲೆಗೂ ಟವೆಲ್ಲು, ಮಫ್ಲರು. ಅಂಥ ಒಂದು ಬೆಳಿಗ್ಗೆ ಲ್ಯಾಬಿಗೆ ಬಂದರೆ ಪುಟ್ಟಸ್ವಾಮಣ್ಣ ಅಸಿಟಿಕ್ ಆಸಿಡ್ಡಿನ ಬಾಟಲಿಯನ್ನು ಬೋರಲು ಹಿಡಿದು ಮಕ್ಕಳಿಗೆ ತೋರಿಸುತ್ತಿದ್ದರು. ಒಂದು ಹನಿಯೂ ಬೀಳುತ್ತಿರಲಿಲ್ಲ. ಒಳಗಿದ್ದದ್ದು ರಾತ್ರಿಯ ಚಳಿಗೆ ಗಟ್ಟಿಯಾಗಿ, ಗಾಜಿನ ಗೋಡೆಗೆ ಬಿಳಿ ಸೂಜಿಗಳಂತೆ ಅಂಟಿಕೊಂಡಿತ್ತು. ನೀರು ಬೆರೆಸದ, ಅಪ್ಪಟ ಅಸಿಟಿಕ್ ಆಸಿಡ್ ಹೀಗೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಅದನ್ನು ಗ್ಲೇಸಿಯಲ್, ಅಂದರೆ ಹಿಮದಂಥದ್ದು ಎಂದು ಕರೆಯುವುದು. ಮಕ್ಕಳು ಸುತ್ತ ಮುತ್ತಿಕೊಂಡು ನೋಡಿದರು. ನಾನೂ ಓದಿದ್ದೆನೇ ಹೊರತು ಕಣ್ಣಾರೆ ಕಂಡದ್ದು ಅದೇ ಮೊದಲು.

ಅಂದಿನ ಪ್ರಯೋಗ, ಬೇರೆ ಬೇರೆ ಆಸಿಡ್ಡುಗಳಲ್ಲಿ ಪಿಎಚ್ ಕಾಗದ ಅದ್ದಿ ಬಣ್ಣ ನೋಡುವುದು. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಆಗಲೇ ಎಲ್ಲ ಮೇಜಿಗೂ ಬಂದಿತ್ತು. ಅಸಿಟಿಕ್ ಆಸಿಡ್ ಕರಗಬೇಕಾಗಿತ್ತು. ಪುಟ್ಟಸ್ವಾಮಣ್ಣ ಬಾಟಲಿಗೆ ಬಟ್ಟೆ ಸುತ್ತಿ, ಬೆಚ್ಚನೆಯ ನೀರಿನ ಟಬ್ಬಿನಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಆಫೀಸಿನಿಂದ ಪ್ರಿನ್ಸಿಪಾಲರು ಕರೆದರು, ಯಾವುದೋ ಕಾಗದಪತ್ರ ಒಯ್ಯಬೇಕಂತೆ. "ಮುಟ್ಬ್ಯಾಡ್ರಪ್ಪ, ಈಗ್ಬತ್ತೀನಿ," ಎಂದು ಮಕ್ಕಳಿಗೆ ಹೇಳಿ ಅವರು ಹೋದರು.

ಅದೇ ಹೊತ್ತಿಗೆ ಕಿಟಕಿಯ ಬಳಿಯ ಮೇಜಿನಲ್ಲಿ ಒಬ್ಬ ಹುಡುಗನ ಮಣಿಕಟ್ಟಿನ ಮೇಲೆ ನಾಲ್ಕು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿತ್ತು. ನಾನು ಓಡಿದೆ. ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಹತ್ತು ನಿಮಿಷ ನೀರು ಬಿಟ್ಟೆ, ಬೈದೆ, ಉರಿಯುತ್ತಿದೆಯಾ ಎಂದು ಮೂರು ಸಲ ಕೇಳಿದೆ. ಅವನಿಗೆ ಏನೂ ಆಗಿರಲಿಲ್ಲ. ಅಷ್ಟು ತೆಳುವಾದ ದ್ರಾವಣದಿಂದ ಏನೂ ಆಗುವುದೂ ಇಲ್ಲ. ಆದರೆ ಅದು ರೌಡಿ ಆಸಿಡ್ ಎಂಬ ನನ್ನದೇ ಮಾತು ನನ್ನನ್ನು ಓಡಿಸಿತ್ತು.

ನನ್ನ ಬೆನ್ನ ಹಿಂದೆ ನಡೆದದ್ದು ಆಮೇಲೆ ತಿಳಿಯಿತು. ಸಿಂಚನಾ, ಎಲ್ಲರಿಗೂ ತಡವಾಗುತ್ತಿದೆಯೆಂದು, ಟಬ್ಬಿನಿಂದ ಬಾಟಲಿ ಎತ್ತಿ ಕರಗಿದಷ್ಟನ್ನು ಬೀಕರಿಗೆ ಬಗ್ಗಿಸಿದ್ದಳು. ಬಾಟಲಿಯ ಹೊರಮೈಯಿಂದ ಆಸಿಡ್ ಇಳಿದು, ಸುತ್ತಿದ್ದ ಬಟ್ಟೆ ತೊಯ್ದು, ಅವಳ ಅಂಗೈ ನೆನೆದಿತ್ತು. ಅದೇ ಬಟ್ಟೆಯಿಂದ ಮೇಜು ಒರೆಸಿ, ಅದನ್ನೇ ಕೈಯಲ್ಲಿ ಮುದುರಿ ಹಿಡಿದುಕೊಂಡು ಅವಳು ಪ್ರಯೋಗ ಮುಂದುವರಿಸಿದ್ದಳು. ಪಕ್ಕದ ಹುಡುಗಿ ಕೈ ತೊಳೆದುಕೋ ಎಂದಳಂತೆ. "ಇದು ವೀಕ್ ಆಸಿಡ್ ಕಣೇ. ಏನೂ ಆಗಲ್ಲ ಅಂತ ಮಿಸ್ಸೇ ಹೇಳವ್ರಲ್ಲ," ಎಂದು ಇವಳು ಅಂದಳಂತೆ. ಲ್ಯಾಬು ತುಂಬ ವಿನೆಗರ್ ವಾಸನೆ ಹರಡಿತ್ತು. ನನ್ನ ಮೂಗಿಗೂ ಬಂದಿತ್ತು. ಗೋಬಿ ಗಾಡಿ ಬಂದ ಹಾಗಿದೆ ಎಂದು ನಾನೇ ತಮಾಷೆ ಮಾಡಿದ್ದೆ.

ಆ ಆಸಿಡ್ಡಿನ ಗುಣ ಏನೆಂದರೆ, ಅದು ತಕ್ಷಣ ಕೂಗಿಸುವುದಿಲ್ಲ. ಊಟದ ಹೊತ್ತಿಗೆ ಅವಳ ಅಂಗೈ ಚುರುಗುಟ್ಟಿತು. ಎರಡು ಗಂಟೆಗೆ ಅವಳು ಕರ್ಚೀಫು ಸುತ್ತಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಮಿಸ್, ಇದ್ಯಾಕೋ ಉರೀತದೆ."

ಬಿಚ್ಚಿ ನೋಡಿದೆ. ಅಂಗೈ ಮಧ್ಯ ಬೆಳ್ಳಗಾಗಿ, ಅಂಚಿನಲ್ಲಿ ಕೆಂಪಾಗಿ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಹಿಂದೆಯೇ ಬಂದ ಪುಟ್ಟಸ್ವಾಮಣ್ಣ ಒಂದು ಸಲ ನೋಡಿದವರೇ ಅವಳ ತೋಳು ಹಿಡಿದು ಲ್ಯಾಬಿನ ಕಡೆ ನಡೆಸಿದರು. ನಲ್ಲಿಯಲ್ಲಿ ಆ ಹೊತ್ತಿಗೆ ನೀರು ನಿಂತಿತ್ತು. ತೊಟ್ಟಿಯಿಂದ ಬಕೆಟ್ಟಿನಲ್ಲಿ ತಂದು, ಮಗ್ಗಿನಿಂದ ಸಣ್ಣಗೆ ಹೊಯ್ಯುತ್ತಲೇ ಇದ್ದರು. ಮೂರು ಬಕೆಟ್ ಖಾಲಿಯಾಯಿತು.

"ಅಳ್ಬ್ಯಾಡ ಮಗ. ನೀರು ಬಿದ್ದಷ್ಟೂ ಒಳ್ಳೇದು," ಎನ್ನುತ್ತಿದ್ದರು. ಅವಳು ಅಳುತ್ತಿರಲಿಲ್ಲ. ಅಳು ಬಂದದ್ದು ನನಗೆ.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಗಾಯ ನೋಡಿ, ಯಾವ ಆಸಿಡ್ ಎಂದು ಕೇಳಿದರು. ಹೇಳಿದೆ. "ಆಳಕ್ಕೆ ಇಳಿದಿಲ್ಲ. ಎರಡು ಮೂರು ವಾರದಲ್ಲಿ ಹೊಸ ಚರ್ಮ ಬರುತ್ತೆ, ಬೆರಳು ಮಡಿಸೋಕೆ ತೊಂದರೆ ಆಗಲ್ಲ," ಎಂದರು. ಕೈಗೆ ಪಟ್ಟಿ ಸುತ್ತುತ್ತ, "ಬಿದ್ದ ತಕ್ಷಣ ನೀರು ಹಾಕಿದ್ದರೆ ಇಷ್ಟೂ ಆಗ್ತಿರಲಿಲ್ಲ. ಯಾಕಮ್ಮ ಹಾಕಲಿಲ್ಲ?" ಎಂದು ಸಿಂಚನಾಳನ್ನು ಕೇಳಿದರು. ಸಿಂಚನಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಮಿಸ್ ಹೇಳಿದ್ದು ಹೇಗೆ ತಪ್ಪಾಯಿತು ಎಂಬ ಗೊಂದಲ ಮಾತ್ರ ಇತ್ತು.

ಮಾರನೆಯ ದಿನ ಪ್ರಿನ್ಸಿಪಾಲರು ನನ್ನನ್ನೂ ಪುಟ್ಟಸ್ವಾಮಣ್ಣನನ್ನೂ ಕರೆದರು. ಅವರು ಕೆಟ್ಟವರಲ್ಲ, ಗಾಬರಿಯ ಮನುಷ್ಯ. ಮೇಲಿನವರಿಗೆ ಒಂದು ವರದಿ ಹೋಗಬೇಕು, ಕರಡು ಬರೆದಿದ್ದೇನೆ ಎಂದು ಹಾಳೆ ಮುಂದೆ ತಳ್ಳಿದರು. ಅಟೆಂಡರ್ ಆಸಿಡ್ ಬಾಟಲಿಯನ್ನು ಎಲ್ಲರ ಕೈಗೆ ಸಿಗುವಂತೆ ಬಿಟ್ಟು ಹೋದದ್ದರಿಂದ ಅವಘಡವಾಯಿತು ಎಂದಿತ್ತು ಅದರಲ್ಲಿ. ಪುಟ್ಟಸ್ವಾಮಣ್ಣ ನಿಧಾನವಾಗಿ ಓದಿಕೊಂಡರು.

"ಬರ್ಕಳಿ ಸಾ. ಬಾಟ್ಲಿ ಬುಟ್ಟು ಬಂದೋನು ನಾನೇ ತಾನೆ," ಎಂದು ಪೆನ್ನಿಗೆ ಕೈಚಾಚಿದರು.

ಆ ಹೊತ್ತಿನಲ್ಲಿ ಅವರನ್ನು ಲ್ಯಾಬಿನಿಂದ ಕರೆಸಿದ್ದು ಪ್ರಿನ್ಸಿಪಾಲರೇ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಸಹಿ ಬಿದ್ದರೆ ವಿಚಾರಣೆ, ನಿವೃತ್ತಿಯ ಕಾಗದಗಳೆಲ್ಲ ತಡ. ನಾನು ಬಾಯಿ ಬಿಡಬೇಕಾಗಿತ್ತು. ನನ್ನದಿನ್ನೂ ಪ್ರೊಬೇಷನ್, ಇದು ಮೊದಲ ವರ್ಷ ಎಂಬ ಯೋಚನೆ ನನ್ನನ್ನು ತಡೆಯಿತು. "ಸರ್, ಸೋಮವಾರದವರೆಗೆ ಟೈಮ್ ಕೊಡಿ. ಮೊದಲು ಆ ಹುಡುಗಿ ಮನೆಗೆ ಹೋಗಿ ಬರ್ತೀನಿ," ಎಂದಷ್ಟೇ ಹೇಳಿದೆ. ಹೊರಗೆ ಬಂದ ಮೇಲೆ ಪುಟ್ಟಸ್ವಾಮಣ್ಣನ ಮುಖ ನೋಡಲು ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಮೂಗೂರಿಗೆ ಹೋದೆ. ಬಸ್ಸಿಳಿದು ಕೇಳಿದ ಮೊದಲ ಅಂಗಡಿಯವರೇ ಮನೆ ತೋರಿಸಿದರು. ಸಿಂಚನಾಳ ತಂದೆ ಮಹದೇವಸ್ವಾಮಿ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತಿದ್ದರು. ಹಣೆಯ ಮೇಲೆ ವಿಭೂತಿ, ಮೊಣಕಾಲ ನಡುವೆ ಸ್ಟೀಲ್ ಬಕೆಟ್. ಮಗಳು ಕರೆಯಬೇಕಾದ ಹಸುಗಳನ್ನು ಅವರು ಕರೆಯುತ್ತಿದ್ದರು.

"ಬನ್ನಿ ಮೇಡಂ, ಬನ್ನಿ. ಇವತ್ತು ಕೈಗೆ ಬಿಡುವಿಲ್ಲ ನೋಡಿ. ಇಲ್ಲೇ ಕುಂತ್ಕಳಿ," ಎಂದು ಮರದ ಸ್ಟೂಲು ತೋರಿಸಿದರು. ಸಿಂಚನಾ ಎಡಗೈಯಲ್ಲಿ ಕಾಫಿ ಲೋಟ ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು.

ಹೇಗೆ ಶುರು ಮಾಡಲಿ ಎಂದು ನಾನು ತಿಣುಕುತ್ತಿದ್ದಾಗ ಅವರೇ ಕೇಳಿದರು. "ಅಲ್ಲಾ ಮೇಡಂ, ನಂಗೊಂದ್ ಅನುಮಾನ. ಇವ್ಳು ವೀಕ್ ಆಸಿಡ್ಡು ವೀಕ್ ಆಸಿಡ್ಡು ಅಂತಾಳೆ. ವೀಕು ಅಂದ್ಮೇಲೆ ಅದ್ಯಾಕೆ ಹಿಂಗೆ ಸುಡ್ತು?"

ನಾನು ವಿವರಿಸಿದೆ. ಆಸಿಡ್ಡಿನೊಳಗೆ ಹೈಡ್ರೋಜನ್ ಇರುತ್ತದೆ. ನೀರಿಗೆ ಬಿದ್ದ ಕೂಡಲೇ ಅಷ್ಟನ್ನೂ ಬಿಟ್ಟುಕೊಡುವುದಕ್ಕೆ ಸ್ಟ್ರಾಂಗ್ ಅನ್ನುತ್ತೇವೆ. ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪ ಬಿಡುವುದಕ್ಕೆ ವೀಕ್ ಅನ್ನುತ್ತೇವೆ. ಬಿಟ್ಟದ್ದು ಖರ್ಚಾದ ಹಾಗೆ ಮತ್ತಷ್ಟು ಬಿಡುತ್ತದೆ, ಕೊನೆಗೆ ಇರುವುದನ್ನೆಲ್ಲ ಕೊಡುತ್ತದೆ.

ಮಹದೇವಸ್ವಾಮಿ ಕೈ ನಿಲ್ಲಿಸದೆ ಕೇಳುತ್ತಿದ್ದರು. "ಅಂದ್ರೆ ನಮ್ ಹಸೀನಂಗೆ ಅನ್ನಿ. ಆ ಸೀಮೆಹಸು ಐತಲ್ಲ, ಕೈ ಇಕ್ಕುದ್ ತಕ್ಷಣ ಅಷ್ಟೂ ಹಾಲು ಬುಟ್ಬುಡ್ತದೆ. ಈ ನಾಟಿ ಹಸು ಬಿಗಿ ಹಿಡ್ಕಂಡು, ಸತಾಯಿಸ್ಕಂಡು, ಚೂರ್ಚೂರೇ ಬಿಡ್ತದೆ. ಹಂಗಂತ ಕೆಚ್ಚಲಲ್ಲಿ ಹಾಲಿಲ್ಲ ಅನ್ನಕ್ಕಾಯ್ತದಾ?"

"ಹೌದು, ಹಾಗೇ."

"ಮತ್ತೆ ಇವಳ ಕೈಮ್ಯಾಲೆ ಬಿದ್ದಿದ್ದು?"

"ಅದು ನೀರೇ ಬೆರೆಸದೆ ಇದ್ದದ್ದು. ಒಂದು ನಾಟಿ ಹಸು ಅಲ್ಲ, ಕೊಟ್ಟಿಗೆ ತುಂಬ ನಾಟಿ ಹಸು. ಹಸು ಯಾವ ಜಾತಿ ಅನ್ನೋದು ಬೇರೆ, ಕೊಟ್ಟಿಗೆಯಲ್ಲಿ ಎಷ್ಟಿವೆ ಅನ್ನೋದು ಬೇರೆ. ಅಷ್ಟೇ ಅಲ್ಲ, ಸುಡೋದಕ್ಕೆ ಆ ಆಸಿಡ್ಡು ಹೈಡ್ರೋಜನ್ ಬಿಟ್ಟುಕೊಡಲೇಬೇಕು ಅಂತಿಲ್ಲ. ಇಡಿಯಾಗಿಯೇ ಚರ್ಮದೊಳಗೆ ಇಳಿದುಬಿಡುತ್ತೆ." ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಸಿಡ್ ಕೂಡ ವೀಕ್ ಆಸಿಡ್ಡೇ, ಅದು ಮೈಗೆ ತಾಗಿದರೆ ಮೂಳೆಯವರೆಗೂ ಇಳಿಯುತ್ತದೆ ಎಂದು ಎಂಎಸ್ಸಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳು ನಾನು. ಅದೇ ನಾನು ಮಕ್ಕಳನ್ನು ನಗಿಸುವ ಆಸೆಗೆ ಬಿದ್ದು ವೀಕ್ ಎಂದರೆ ಸಾಧು ಎಂದಿದ್ದೆ.

"ಇಷ್ಟೆಲ್ಲ ನಾನು ಕ್ಲಾಸಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ವೀಕ್ ಆಸಿಡ್‌ಗೆ ಹೆದರಬೇಕಾಗಿಲ್ಲ ಅಂತ ಹೇಳಿದ್ದೆ. ಅದನ್ನ ನಂಬಿ ಅವಳು ಕೈ ತೊಳೆದುಕೊಳ್ಳಲಿಲ್ಲ. ತಪ್ಪು ನನ್ನದು," ಎಂದೆ.

ಅವರು ಹಾಲು ಕರೆಯುವುದನ್ನು ಮುಗಿಸಿ, ಎದ್ದು, ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತರು.

"ಮನೆಗಂಟ ಬಂದು ಹೇಳುದ್ರಲ್ಲ, ಅದು ದೊಡ್ಡದು. ಕೈ ಏನು, ವಾಸಿಯಾಯ್ತದೆ. ಆದ್ರೆ ಮೇಡಂ, ನಂಗೆ ಹೇಳುದ್ರೆ ಸಾಲ್ದು. ಇವಳ ಜೊತೇಲಿ ಮೂವತ್ತೊಂಬತ್ತು ಮಕ್ಳು ಅದ್ನೇ ಬರ್ಕಂಡವ್ರಲ್ಲ. ಅವ್ರ ಬುಕ್ಕಲ್ಲಿ ಅದು ಹಂಗೇ ಐತೆ."

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಕಿಟಕಿಯಿಂದ ಕಬ್ಬಿನ ಗದ್ದೆಗಳ ಮೇಲೆ ಸಂಜೆಬಿಸಿಲು ಕಾಣುತ್ತಿತ್ತು. ಮೂರು ದಿನದಿಂದ ಎದೆಯ ಮೇಲಿದ್ದ ಭಾರ ಎಷ್ಟೋ ಇಳಿದಿತ್ತು. ಏನು ಮಾಡಬೇಕು ಎಂದು ತಿಳಿದುಬಿಟ್ಟರೆ ಹೆದರಿಕೆ ಅರ್ಧ ಹೋಗುತ್ತದೆ.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರ ಮೇಜಿನ ಮೇಲೆ ನನ್ನ ಪತ್ರ ಇಟ್ಟೆ. ಕ್ಲಾಸಿನಲ್ಲಿ ನಾನು ಹೇಳಿದ ತಪ್ಪು ಮಾತು, ಆ ದಿನ ಲ್ಯಾಬಿನಲ್ಲಿದ್ದದ್ದು ನಾನು, ಅಟೆಂಡರನ್ನು ಆಫೀಸಿಗೆ ಕರೆಸಲಾಗಿತ್ತು ಎಂಬುದು, ಮುಟ್ಟಬೇಡಿ ಎಂದು ಅವರು ಹೇಳಿ ಹೋಗಿದ್ದರು ಎಂಬುದು, ಎಲ್ಲವನ್ನೂ ಬರೆದಿದ್ದೆ. ಪ್ರಿನ್ಸಿಪಾಲರು ಎರಡು ಸಲ ಓದಿದರು.

"ಶಾರದಾ ಮೇಡಂ, ನೀವಿನ್ನೂ ಪ್ರೊಬೇಷನ್ನಲ್ಲಿದ್ದೀರಿ. ಯೋಚನೆ ಮಾಡಿ ಬರೆದಿದ್ದೀರಾ?"

"ಯೋಚನೆ ಮಾಡದೆ ಹೇಳಿದ್ದಕ್ಕೇ ಸರ್ ಇಷ್ಟಾದದ್ದು."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ತಮ್ಮ ಕರಡನ್ನು ಹರಿದು ಬುಟ್ಟಿಗೆ ಹಾಕಿದರು. ಹತ್ತು ದಿನದ ನಂತರ ನನಗೊಂದು ಎಚ್ಚರಿಕೆಯ ಪತ್ರ ಬಂತು. ಇನ್ನು ಮುಂದೆ ಜಾಗರೂಕತೆಯಿಂದ ಕರ್ತವ್ಯ ನಿರ್ವಹಿಸತಕ್ಕದ್ದು ಎಂದಿತ್ತು. ಆಮೇಲೆ ಏನೂ ಆಗಲಿಲ್ಲ. ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ.

ವಿಷಯ ತಿಳಿದ ಪುಟ್ಟಸ್ವಾಮಣ್ಣ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. "ಹೋಗೋ ಕಾಲ್ದೋನು ನಾನು. ನೀವು ಯಾಕ್ ಬರ್ದ್ಕೊಟ್ರಿ," ಎಂದು ಗೊಣಗಿದರು. ಆದರೆ ಮರುದಿನ ಲ್ಯಾಬಿಗೆ ಬಂದಾಗ ಸಿಂಕಿನ ಪಕ್ಕ ಎರಡು ದೊಡ್ಡ ಬಕೆಟ್ಟುಗಳಲ್ಲಿ ನೀರು ತುಂಬಿ, ಮಗ್ಗು ಇಟ್ಟಿದ್ದರು. ಆ ವರ್ಷ ಮುಗಿಯುವವರೆಗೆ ಆ ಬಕೆಟ್ಟುಗಳು ಒಂದು ದಿನವೂ ಖಾಲಿ ಇರಲಿಲ್ಲ.

ಪತ್ರ ಕೊಟ್ಟ ಆ ವಾರವೇ ನಲವತ್ತು ಮಕ್ಕಳನ್ನೂ ಒಟ್ಟಿಗೆ ಲ್ಯಾಬಿಗೆ ಕರೆದು ನವೆಂಬರಿನ ಪುಟ ತೆಗೆಸಿದೆ. "ಹೆದರೋದೇನೂ ಇಲ್ಲ ಅಂತ ಬರೆದಿದ್ದೀರಲ್ಲ, ಅದರ ಮೇಲೆ ಗೀಟು ಹಾಕಿ. ಅದು ನಾನು ಹೇಳಿದ ತಪ್ಪು," ಎಂದೆ. ನಲವತ್ತು ಪೆನ್ನುಗಳು ಒಟ್ಟಿಗೆ ಗೀಟೆಳೆದ ಸಣ್ಣ ಸದ್ದು ನನಗೆ ಚೆನ್ನಾಗಿ ಕೇಳಿಸಿತು.

ಆಮೇಲೆ ಒಂದೇ ಸಾಂದ್ರತೆಯ ಹೈಡ್ರೋಕ್ಲೋರಿಕ್ ಮತ್ತು ಅಸಿಟಿಕ್ ಆಸಿಡ್ಡುಗಳನ್ನು ಎರಡು ಬೀಕರಿನಲ್ಲಿ ಇಟ್ಟೆ. ಮೂರನೆಯದರಲ್ಲಿ ನೀರು ಬೆರೆಸದ ಅಸಿಟಿಕ್ ಆಸಿಡ್. ಬ್ಯಾಟರಿಗೆ ಕಟ್ಟಿದ ಪುಟ್ಟ ದೀಪದ ತಂತಿಗಳನ್ನು ಒಂದೊಂದಕ್ಕೇ ಇಳಿಸಿದೆ. ಆಸಿಡ್ ಬಿಟ್ಟುಕೊಟ್ಟ ಅಯಾನುಗಳು ಹೆಚ್ಚಿದ್ದಷ್ಟೂ ದೀಪ ಜೋರಾಗಿ ಉರಿಯುತ್ತದೆ. ಮೊದಲನೆಯದರಲ್ಲಿ ದೀಪ ಝಗ್ ಎಂದು ಹತ್ತಿತು. ಎರಡನೆಯದರಲ್ಲಿ ಮಂಕಾಗಿ ಮಿಣುಕಿತು. ಮೂರನೆಯದರಲ್ಲಿ ಹತ್ತಲೇ ಇಲ್ಲ. ಆ ದೀಪ ಹತ್ತದ ಬೀಕರಿನಲ್ಲಿ ಇದ್ದದ್ದೇ ಸಿಂಚನಾಳ ಕೈ ಸುಟ್ಟದ್ದು ಎಂದೆ.

ಕೊನೆಗೆ ಮೊದಲ ಎರಡನ್ನು ಕ್ಷಾರದ ಜೊತೆ ಟೈಟ್ರೇಷನ್ ಮಾಡಲು, ಅಂದರೆ ಆಸಿಡ್ ಪೂರ್ತಿ ತೀರಲು ಎಷ್ಟು ಕ್ಷಾರ ಬೇಕೆಂದು ಅಳೆಯಲು, ಸಿಂಚನಾಳನ್ನೇ ಕರೆದೆ. ಬಲಗೈಗೆ ಪಟ್ಟಿ ಇತ್ತು. ಅವಳು ಎಡಗೈಯಲ್ಲಿ ಬ್ಯೂರೆಟ್ಟಿನ, ಅಂದರೆ ಕ್ಷಾರ ತುಂಬಿದ ಅಳತೆಗೊಳವೆಯ, ಕೀಲಿ ತಿರುಗಿಸುತ್ತ, ನಾನು ಫ್ಲಾಸ್ಕ್ ಅಲ್ಲಾಡಿಸುತ್ತ, ಗುಲಾಬಿ ಬಣ್ಣ ಬರುವವರೆಗೂ ಹನಿ ಹನಿಯಾಗಿ ಬಿಟ್ಟೆವು. ರೌಡಿಗೆ ಎಷ್ಟು ಕ್ಷಾರ ಹಿಡಿಯಿತೋ ಸಾಧುವಿಗೂ ಅಷ್ಟೇ ಹಿಡಿಯಿತು.

"ಮಿಸ್, ಎರಡೂ ಒಂದೇ ಬಂತಲ್ಲ," ಎಂದಳು. ಸ್ವಲ್ಪ ಹೊತ್ತು ರೀಡಿಂಗನ್ನೇ ನೋಡುತ್ತಿದ್ದು, "ಅಪ್ಪ ಹೇಳಿದ್ದು ಸರಿ ಹಾಗಾದ್ರೆ. ಕೆಚ್ಚಲಲ್ಲಿ ಇತ್ತು," ಎಂದಳು. ಬೇರೆಯವರಿಗೆ ಅರ್ಥವಾಗಲಿಲ್ಲ. ನಾವಿಬ್ಬರೂ ನಕ್ಕೆವು.

ಸಂಕ್ರಾಂತಿಯ ಹೊತ್ತಿಗೆ ಅವಳ ಪಟ್ಟಿ ಬಿಚ್ಚಿದರು. ಅಂಗೈಯಲ್ಲಿ ಎಳೆ ಗುಲಾಬಿ ಬಣ್ಣದ ಚರ್ಮ ಬಂದಿತ್ತು. ಫೆಬ್ರವರಿಯ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಒಬ್ಬ ಹಿರಿಯ ಉಪನ್ಯಾಸಕರು ಬಂದಿದ್ದರು. ಗಂಭೀರ ಮುಖದವರು, ಮಕ್ಕಳು ಹೆದರಿಕೊಂಡಿದ್ದರು. ಅವರು ಸಿಂಚನಾಳನ್ನು, "ಹೈಡ್ರೋಕ್ಲೋರಿಕ್, ಅಸಿಟಿಕ್, ಇವೆರಡರಲ್ಲಿ ಯಾವುದು ಹೆಚ್ಚು ಅಪಾಯ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಎಷ್ಟು ನೀರು ಬೆರೆಸಿದೆ, ಎಷ್ಟು ಹೊತ್ತು ಮೈಮೇಲಿತ್ತು ಅಂತ ಹೇಳಿ ಸರ್. ಆಮೇಲೆ ಹೇಳ್ತೀನಿ," ಎಂದಳು.

ಅವರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಅವಳು ಅಂಗೈ ಬಿಡಿಸಿ ತೋರಿಸಿದಳು. ಅವರು ಇನ್ನೊಂದು ಪ್ರಶ್ನೆ ಕೇಳದೆ ಮುಂದಿನವರನ್ನು ಕರೆದರು. ಸಂಜೆ ಅಂಕಗಳ ಪಟ್ಟಿ ನೋಡಿದಾಗ ಅವಳ ಹೆಸರಿನ ಮುಂದೆ ಪೂರ್ತಿ ಅಂಕ ಇತ್ತು.

ಮಾರ್ಚ್ ಬಂತು. ಹೊಳೆ ಇಳಿದು ಬಂಡೆಗಳು ಕಂಡವು, ಬಸ್ಸಿನ ಕಿಟಕಿಗಳು ಮತ್ತೆ ತೆರೆದವು. ತಿಂಗಳ ಕೊನೆಯ ದಿನ ಪುಟ್ಟಸ್ವಾಮಣ್ಣನಿಗೆ ಆಫೀಸಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಪ್ರಿನ್ಸಿಪಾಲರು ಎರಡು ಮಾತಾಡಿದರು. ಅವರ ಕಾಗದಗಳೆಲ್ಲ ತಡವಿಲ್ಲದೆ ಹೋಗಿದ್ದವು. ಟೀ ಕುಡಿದು ಎಲ್ಲರೂ ಹೋದ ಮೇಲೆ ಅವರು ಲ್ಯಾಬಿನ ಬೀಗದಕೈ ಗೊಂಚಲನ್ನು ನನ್ನ ಕೈಗೆ ಕೊಡಲು ಬಂದರು. ಕೊಡಲಿಲ್ಲ, ಕೈಯಲ್ಲೇ ತಿರುಗಿಸುತ್ತ ನಿಂತರು.

"ಮೇಡಂ, ಒಂದ್ ಆಸೆ ಉಳ್ಕಂಡದೆ. ಮೂವತ್ತು ವರ್ಷ ಮಕ್ಳು ಮಾಡೋದ್ ನೋಡ್ದೆ, ಬ್ಯೂರೆಟ್ ತುಂಬ್ಕೊಟ್ಟೆ, ತೊಳ್ದೆ. ನಾನೇ ಒಂದ್ಸಲನೂ ಮಾಡ್ಲಿಲ್ಲ. ಇವತ್ತು ನಾನು ಟೈಟ್ರೇಷನ್ ಮಾಡ್ತೀನಿ. ನೀವು ಪಾತ್ರೆ ತೊಳೀರಿ."

"ಆಗಲಿ ಪುಟ್ಟಸ್ವಾಮಣ್ಣ. ಯಾವ ಆಸಿಡ್ ಕೊಡ್ಲಿ?"

"ಸಾಧುದೇ ಕೊಡಿ," ಎಂದರು.

ಶಾಲನ್ನು ಮಡಿಸಿ ಸ್ಟೂಲಿನ ಮೇಲಿಟ್ಟು, ತೋಳು ಮಡಚಿಕೊಂಡರು. ಪಿಪೆಟ್ಟಿನಲ್ಲಿ ಅಳೆದು ಹಾಕಿದ ಆಸಿಡ್ಡಿಗೆ ಗುಲಾಬಿ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ ಬಿಟ್ಟು, ಬ್ಯೂರೆಟ್ಟಿನ ಕೀಲಿಯನ್ನು ಆ ಹಳದಿ ಬೆರಳುಗಳಿಂದ ಹಿಡಿದರು. ನನ್ನ ಎಷ್ಟೋ ವಿದ್ಯಾರ್ಥಿಗಳು ಅವಸರದಲ್ಲಿ ಕ್ಷಾರ ಜಾಸ್ತಿ ಬಿಟ್ಟು ಫ್ಲಾಸ್ಕನ್ನು ಕಡುಗೆಂಪು ಮಾಡಿಕೊಳ್ಳುತ್ತಿದ್ದರು. ಪುಟ್ಟಸ್ವಾಮಣ್ಣ ಉಸಿರು ಹಿಡಿದು, ಒಂದೊಂದೇ ಹನಿ ಬಿಟ್ಟು, ಕಂಡೂ ಕಾಣದಂಥ ಗುಲಾಬಿ ಬಂದ ಕ್ಷಣಕ್ಕೆ ಕೀಲಿ ನಿಲ್ಲಿಸಿದರು. ಮೂರು ಸಲ ಮಾಡಿದರು. ಮೂರೂ ರೀಡಿಂಗ್ ಒಂದೇ ಬಂತು. ಒಂದು ಅಬ್ಸರ್ವೇಷನ್ ಪುಸ್ತಕದ ಖಾಲಿ ಹಾಳೆಯಲ್ಲಿ ಅದನ್ನು ದುಂಡಗೆ ಬರೆದು, ಮೇಲೆ ತಮ್ಮ ಹೆಸರು ಹಾಕಿ, ನನ್ನ ಸಹಿ ಪಡೆದರು. ಹಾಳೆ ಹರಿದು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡರು.

ನಾನು ಸಿಂಕಿನ ಮುಂದೆ ನಿಂತು ಫ್ಲಾಸ್ಕುಗಳನ್ನು ತೊಳೆಯುತ್ತಿದ್ದೆ. ಅವರು ಪಕ್ಕಕ್ಕೆ ಬಂದು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇನ್ನೊಂದ್ಸಲ ನೀರು ಹಾಕಿ ಮೇಡಂ. ಒಂದ್ ಹನಿ ಉಳುದ್ರೂ ನಾಳೆ ಮಕ್ಳ ಲೆಕ್ಕ ತಪ್ತದೆ."

ಇನ್ನೊಂದು ಸಲ ತೊಳೆದೆ.